ಜೊತೆಗೆ ಬಂದವರು

ಬಸ್ಸು ಚಳ್ಳಕೆರೆ ದಾಟಿ, ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಹಿಂದಕ್ಕೆ ಸರಿದ ಮೇಲೂ ತನ್ನ ಕೈಗಳನ್ನು ಎಲ್ಲಿಡಬೇಕೆಂದು ಸಿದ್ದಲಿಂಗೇಶನಿಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಈ ದಾರಿಯಲ್ಲಿ ಹೋದಾಗಲೆಲ್ಲ ಅವನ ತೊಡೆಯ ಮೇಲೊಂದು ಫೈಲು ಇರುತ್ತಿತ್ತು, ಫೈಲಿನ ಮೇಲೆ ಅಂಗೈ ಇರುತ್ತಿತ್ತು. ಪಕ್ಕದಲ್ಲಿ ಕೂತವರು ಆ ಫೈಲನ್ನೊಮ್ಮೆ ನೋಡಿ ಸ್ವಲ್ಪ ಒತ್ತರಿಸಿಕೊಂಡು ಜಾಗ ಬಿಡುತ್ತಿದ್ದರು. ಈ ದಿನ ಪಕ್ಕದಲ್ಲಿ ಕೂತಿದ್ದ ಸೊಪ್ಪಿನ ವ್ಯಾಪಾರದ ಹೆಂಗಸು ತನ್ನ ಖಾಲಿ ಬುಟ್ಟಿಯನ್ನು ಅರ್ಧ ಅವನ ಮೊಣಕಾಲ ಮೇಲೆಯೇ ಇಟ್ಟು ನಿದ್ದೆಹೋಗಿದ್ದಳು. ಎತ್ತಿಡಿ ಎಂದು ಹೇಳಲು ಅವನಿಗೆ ಯಾವ ಅಧಿಕಾರವೂ ಇಲ್ಲವೆನ್ನಿಸಿ ಬುಟ್ಟಿಯನ್ನು ಹಿಡಿದುಕೊಂಡೇ ಕೂತ. ಬೆಳಿಗ್ಗೆ ಹೊರಡುವಾಗ ಹೆಂಡತಿ ರೇಣುಕಮ್ಮ ಬಾಗಿಲತನಕ ಬಂದು, ‘ಫೈಲ್ ಮರ್ತು ಹೊಂಟ್ರಲ್ಲ’ ಎಂದಿದ್ದಳು. ‘ಮರ್ತಿಲ್ಲ. ತಗಂಡು ಹೋಗ್ಬೇಡಿ ಅಂದಿದಾರೆ’ ಎಂದಿದ್ದ ಅವನು. ಹಾಗೆ ಹೇಳುವಾಗ ತನ್ನ ದನಿ, ಮಾಸ್ತರು ಹೊರಗೆ ನಿಲ್ಲಿಸಿದ್ದನ್ನು ಮನೆಯಲ್ಲಿ ಒಪ್ಪಿಕೊಳ್ಳುವ ಹುಡುಗನ ದನಿಯಂತಿತ್ತೆಂದು ಈಗ ಅನ್ನಿಸಿ ಅವನ ಕಿವಿ ಬಿಸಿಯಾಯಿತು.

ತಗೊಂಡು ಹೋಗಬೇಡಿ ಎಂದವಳು ಶಶಿರೇಖಾ. ಮಿಲ್ಲಿನ ಯಜಮಾನರು ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ಟ್ರಸ್ಟನ್ನು ಈಗ ನೋಡಿಕೊಳ್ಳುತ್ತಿರುವ ಮಗಳು. ಯಜಮಾನರ ಕಾಲದಲ್ಲಿ ಟ್ರಸ್ಟು ಹಳ್ಳಿ ಹಟ್ಟಿಗಳಿಗೆ ಮಾತ್ರೆ, ಕನ್ನಡಕ, ಟಾನಿಕ್ಕು ಕೊಡುತ್ತಿತ್ತು. ಕೊಟ್ಟದ್ದು ಸರಿಯಾದವರಿಗೆ ಸೇರಿತೇ ಎಂದು ನೋಡಿ ಬಂದು ಬರೆಯುವುದು ಸಿದ್ದಲಿಂಗೇಶನ ಕೆಲಸವಾಗಿತ್ತು. ‘ನನ್ನ ಕಣ್ಣು ಇವನು’ ಎಂದು ಯಜಮಾನರು ಬಂದವರೆದುರು ಅವನ ಭುಜ ತಟ್ಟುತ್ತಿದ್ದರು. ಮಗಳು ಬಂದ ಆರನೇ ತಿಂಗಳಲ್ಲಿ ಅವನನ್ನು ಒಳಗೆ ಕರೆದು, ಹಳೆಯ ಒಂದು ಹಾಳೆಯನ್ನು ಮೇಜಿನ ಮೇಲೆ ತಿರುಗಿಸಿಟ್ಟು, ‘ಇದು ನೀವು ಬರೆದಿದ್ದಾ?’ ಎಂದು ಕೇಳಿದ್ದಳು. ತಳಕಿನಾಚೆಯ ಒಂದು ಹಟ್ಟಿಯ ಮೇಲೆ ಏಳು ವರ್ಷದ ಹಿಂದೆ ಬರೆದ ವರದಿ. ಅಕ್ಷರ ಗುಂಡಗಿತ್ತು, ಒಂದು ಕಾಟೂ ಹೊಡೆದಿರಲಿಲ್ಲ. ‘ಹೌದು ಮೇಡಂ’ ಎಂದಿದ್ದ, ಹೆಮ್ಮೆಯಿಂದಲೇ. ಅವಳು ಹೊಗಳಲಿಲ್ಲ, ಬಯ್ಯಲೂ ಇಲ್ಲ. ಬಹಳ ಹೊತ್ತು ಹಾಳೆಯನ್ನೇ ನೋಡುತ್ತ ಕೂತಿದ್ದು, ‘ಆಯ್ತು, ಹೋಗಿ’ ಎಂದಳು. ಅದಾದ ಒಂದು ತಿಂಗಳಿಗೆ ಆ ಹಟ್ಟಿಯ ಹೆಂಗಸರ ಗುಂಪಿಗೆ ಮೂರು ವರ್ಷಕ್ಕೆ ದುಡ್ಡು ಕೊಡುವುದೆಂದು ತೀರ್ಮಾನವಾಯಿತು. ಜನರ ಆರೋಗ್ಯಕ್ಕೆ ಏನು ಬೇಕೆಂದು ಅವರಿಗೇ ಗೊತ್ತಿರುತ್ತದೆ, ಅವರೇ ಗೊತ್ತುಮಾಡಿಕೊಳ್ಳಲಿ; ಫಾರಂ ಇಲ್ಲ, ರಸೀದಿ ಇಲ್ಲ, ವರದಿ ಇಲ್ಲ. ಸಭೆಯಲ್ಲಿ ಎಲ್ಲರೂ ಸಿದ್ದಲಿಂಗೇಶನ ಮುಖ ನೋಡಿದ್ದರು. ಅವನು ತನ್ನ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಿದ್ದ. ಈಗ ವರ್ಷವೊಂದು ಕಳೆದಿತ್ತು. ‘ಒಂದ್ಸಲ ಹೋಗಿ ಬನ್ನಿ ಸಿದ್ದಲಿಂಗೇಶ್ ಅವರೇ’ ಎಂದಿದ್ದಳು ನಿನ್ನೆ. ‘ಏನನ್ನೂ ಕೇಳಬೇಡಿ. ಅವರೇನಾದರೂ ಕೇಳಿದರೆ ಮಾಡಿ.’

ತಳಕಿನಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಹಟ್ಟಿಯ ಕಡೆಗೆ ಆಟೋ ಓಡಿಸುವ ಗಂಗರಾಜು ಅವನನ್ನು ಕೂರಿಸಿಕೊಂಡು, ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನನ್ನು ನೋಡುತ್ತ, ಕೊನೆಗೆ ತಡೆಯಲಾರದೆ, ‘ಏನ್ಸಾರ್, ಬರೀ ಕೈಯಲ್ಲಿ ಬಂದಿದೀರಾ?’ ಎಂದ. ಜಾಲಿ, ಕಲ್ಲು, ಒಣಗಿದ ಹುಲ್ಲು. ಕುದಾಪುರದ ಕಡೆಯ ಹುಲ್ಲುಗಾವಲಿಗೆ ಸರ್ಕಾರದ ಸಂಸ್ಥೆಗಳ ಗೋಡೆ ಬಂದ ಮೇಲೆ ಈ ಕಡೆಯ ಕುರಿಗಳು ದೂರದೂರ ಹೋಗಬೇಕಾಗಿ, ಗಂಡಸರಲ್ಲಿ ಅರ್ಧ ಜನ ತಿಂಗಳುಗಟ್ಟಲೆ ಹಟ್ಟಿಯಲ್ಲಿರುತ್ತಿರಲಿಲ್ಲ. ಎಂಟು ವರ್ಷದಲ್ಲಿ ಹಟ್ಟಿಯ ಮುಳ್ಳುಬೇಲಿಯ ಹೊರಗೆ ನಾಲ್ಕು ಸಿಮೆಂಟು ಮನೆ ಎದ್ದಿದ್ದವು. ಟ್ರಸ್ಟಿನ ದುಡ್ಡಿನಲ್ಲಿ ಏನು ಕಟ್ಟಿದ್ದಾರೆ ಎಂದು ಅವನ ಕಣ್ಣು ತಾನೇ ಹುಡುಕಿತು. ಕಟ್ಟಡವಿಲ್ಲ. ಬೋರ್ಡಿಲ್ಲ. ಯಜಮಾನರ ಹೆಸರು ಎಲ್ಲಿಯೂ ಇಲ್ಲ. ಅವನ ಮನಸ್ಸಿನೊಳಗೆ ಪೆನ್ನೊಂದು ತಾನಾಗಿ ಬರೆಯಲಾರಂಭಿಸಿತು: ‘ಸ್ಥಳದಲ್ಲಿ ಯಾವುದೇ ಆಸ್ತಿ ಕಂಡುಬರಲಿಲ್ಲ.’ ಅಷ್ಟರಲ್ಲಿ, ‘ಬರ್ರಿ ಸಾರ್’ ಎಂದು ಗುಂಪಿನ ಹಿರಿಯಳಾದ ನಾಗಕ್ಕ ಎದುರು ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಅವಳು ತನ್ನನ್ನು ಗುರುತು ಹಿಡಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಹಿಡಿಯದಿರಲಿ ಎಂದು ತಾನು ಆಸೆಪಡುತ್ತಿದ್ದೇನೆ ಎಂಬುದು ಮಾತ್ರ ತಿಳಿಯಿತು.

‘ದುಡ್ಡು ಏನ್ ಮಾಡಿದ್ರಿ ಅಂತ ಕೇಳಲ್ವಾ?’ ಎಂದಳು, ನೀರಿನ ಚೊಂಬು ಕೊಡುತ್ತ.

‘ಕೇಳಬೇಡಿ ಅಂದಿದಾರೆ.’

‘ಹಂಗಾರೆ ನಾವೇ ಹೇಳ್ತೀವಿ’ ಎಂದು ನಕ್ಕಳು. ಎಂಟು ಸಂಜೆ ಕೂತು ಮಾತಾಡಿದ್ದರಂತೆ. ಒಬ್ಬಳು ಕಟ್ಟಡ ಅಂದಳು, ಒಬ್ಬಳು ಬೆಂಗಳೂರಿನಿಂದ ಡಾಕ್ಟರು ಬರಲಿ ಅಂದಳು, ಒಬ್ಬಳು ಔಷಧಿಯಿಡಲು ಫ್ರಿಜ್ಜು ಅಂದಳು. ‘ಆಮ್ಯಾಕೆ ನಾನು ಒಂದು ಕೇಳ್ದೆ ಸಾರ್. ಆಸ್ಪತ್ರೆತಂಕ ಹೋಗಿ, ಡಾಕ್ಟ್ರನ್ನ ನೋಡ್ದೇ ವಾಪಸ್ ಬಂದೋರು ಯಾರ್ ಯಾರಿದೀರಿ ಅಂತ. ಸಾರ್, ಕೈ ಎತ್ತದೋಳು ಒಬ್ಳೂ ಇರ್ಲಿಲ್ಲ. ಚೀಟಿ ಎಲ್ಲಿ ಮಾಡ್ಸಬೇಕು ಗೊತ್ತಾಗ್ದೆ ಬಂದೋಳು ಒಬ್ಳು. ಗದರಿದ್ರು ಅಂತ ಬಂದೋಳು ಇನ್ನೊಬ್ಳು. ಮಾತ್ರೆ ಅಲ್ಲೈತೆ, ಡಾಕ್ಟ್ರೂ ಅವ್ರೆ. ಅಲ್ಲೀಗಂಟ ಹೋಗಿ ನಿಂತ್ಕಳ್ಳೋ ಧೈರ್ಯ ನಮ್ ಹತ್ರ ಇರ್ಲಿಲ್ಲ. ಅದಕ್ಕೆ ಒಂದೇ ತೀರ್ಮಾನ ಮಾಡಿದ್ವಿ. ಈ ಹಟ್ಟಿಯಿಂದ ಆಸ್ಪತ್ರೆಗೆ ಯಾರೂ ಒಬ್ರೇ ಹೋಗಂಗಿಲ್ಲ. ಜೊತೆಗೆ ಹೋದೋಳಿಗೆ ಆವತ್ತಿನ ಕೂಲಿ ಗುಂಪಿಂದು. ಅವಳ ಕುರಿ ಇನ್ನೊಬ್ಳು ಕಾಯ್ತಾಳೆ. ಅಷ್ಟೇ ಸಾರ್ ನಿಮ್ ದುಡ್ಡಲ್ಲಿ ಮಾಡಿದ್ದು.’

ಅಷ್ಟೇ? ಸಿದ್ದಲಿಂಗೇಶನ ಮನಸ್ಸಿನ ಪೆನ್ನು ನಿಂತುಹೋಯಿತು. ಜೊತೆಗೆ ಹೋಗುವುದನ್ನು ಯಾವ ಅಂಕಣದಲ್ಲಿ ಬರೆಯಬೇಕು? ಅದಕ್ಕೆ ಅಂಕಣವೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಅವನು ತುಂಬಿದ ಯಾವ ಫಾರಮ್ಮಿನಲ್ಲೂ ಇರಲಿಲ್ಲ. ಅವನು ಸುಮ್ಮನೆ ನಿಂತಿರುವುದನ್ನು ಕಂಡು ನಾಗಕ್ಕ, ‘ನೀವು ಇವತ್ತು ಖಾಲಿನಾ?’ ಎಂದಳು. ಖಾಲಿ ಎಂಬ ಮಾತು ಅವನಿಗೆ ಚುಚ್ಚಿತು. ಆದರೆ ಅದು ನಿಜವಾಗಿತ್ತು. ‘ಹೂಂ’ ಎಂದ. ‘ಹಂಗಾರೆ ಬೋರಕ್ಕನ ಜೊತೆ ಚಳ್ಳಕೆರೆ ಆಸ್ಪತ್ರೆಗೆ ಹೋಗ್ರಿ. ಶುಗರ್ರು, ಕಾಲ್ಬೆರಳು ಕಪ್ಪಾಗೈತೆ. ಇವತ್ತು ಬರ್ಲೇಬೇಕು ಅಂದವ್ರೆ. ಸರದಿ ರೂಪಂದು. ಅವ್ಳು ಬೆಳಗಿನ ಜಾವ ಪಕ್ಕದ ಹಟ್ಟಿ ಹುಡುಗಿಗೆ ಹೆರಿಗೆ ನೋವು ಅಂತ ಮೊಳಕಾಲ್ಮುರಿಗೆ ಹೋದ್ಲು. ನಾನು ಮುದ್ದಪ್ಪಜ್ಜಂಗೆ ಕಣ್ಣು ತೋರ್ಸಕ್ಕೆ ಹೊಂಟೀನಿ. ಬೋರಕ್ಕನ ಮಗ ಈರೇಶ ಕುರಿ ಹೊಡ್ಕಂಡು ದಾವಣಗೆರೆ ಗದ್ದೆ ಕಡೆ ಹೋಗವ್ನೆ, ಫೋನು ಸಿಗಲ್ಲ.’ ಹೀಗೆ ಹೇಳಿ, ಒಪ್ಪಿಗೆಗೂ ಕಾಯದೆ, ಒಳಗಿನಿಂದ ಚೀಲವೊಂದನ್ನು ತಂದು ಅವನ ಕೈಗೆ ಕೊಟ್ಟಳು. ಅದರಲ್ಲಿ ಹಳೆಯ ಚೀಟಿಗಳು, ರೊಟ್ಟಿ, ನೀರಿನ ಬಾಟಲಿ ಇದ್ದವು. ‘ಒಂದು ಮಾತು ಸಾರ್. ಮುಂದೆ ನಡೀಬೇಡ್ರಿ, ಪಕ್ಕದಲ್ಲಿ ನಡೀರಿ. ಅವ್ಳಿಗೆ ಬದ್ಲು ನೀವು ಮಾತಾಡ್ಬೇಡ್ರಿ. ಅವ್ಳಿಗೆ ಬಾಯೈತೆ.’

ಹೀಗೆ ಬಂದ ದಾರಿಯಲ್ಲೇ ಅವನು ವಾಪಸ್ಸು ಹೊರಟ. ಬೋರಕ್ಕನಿಗೆ ಅರವತ್ತೈದರ ಮೇಲೆ ವಯಸ್ಸು. ಒಣಗಿದ ಕಡ್ಡಿಯಂಥ ದೇಹ, ದೊಡ್ಡ ಕಣ್ಣು. ಎಡಗಾಲಿಗೆ ಬಟ್ಟೆ ಸುತ್ತಿತ್ತು. ತವರು ಮೊಳಕಾಲ್ಮುರಿಗೂ ಆಚೆ, ಆಂಧ್ರದ ಗಡಿಗಂಟಿದ ಊರು; ಕನ್ನಡ ಆಡುತ್ತ ಆಡುತ್ತ ತೆಲುಗಿಗೆ ಜಾರುತ್ತಿದ್ದಳು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಅವನನ್ನೇ ಸ್ವಲ್ಪ ಹೊತ್ತು ನೋಡಿ, ‘ನೀನು ದಪ್ಪ ಆಗಿದೀಯ’ ಎಂದಳು. ಅಂದರೆ ಮೊದಲು ನೋಡಿದ್ದಾಳೆಯೇ? ಕೇಳಲಾಗಲಿಲ್ಲ. ಅವಳು ಅಷ್ಟರಲ್ಲಿ ಹೊರಗೆ ನೋಡುತ್ತಿದ್ದಳು. ಶೇಂಗಾ ಹೊಲಗಳು ಒಂದಾದಮೇಲೊಂದು ಹಿಂದೆ ಸರಿದವು.

ಆಸ್ಪತ್ರೆಯಂಗಳದಲ್ಲಿ ಆಗಲೇ ಜಾತ್ರೆಯಷ್ಟು ಜನ. ಆ ಕಟ್ಟಡವನ್ನು ಅವನು ನೂರು ಸಲ ನೋಡಿದ್ದ, ಯಜಮಾನರ ಹೆಸರು ಹೇಳಿಕೊಂಡು ಹಿಂದಿನ ಬಾಗಿಲಿನಿಂದ ಒಳಗೂ ಹೋಗಿದ್ದ. ಮುಂದಿನ ಬಾಗಿಲಿನಿಂದ ಹೋಗಿ, ಸಾಲಿನಲ್ಲಿ ನಿಂತು, ಅಲ್ಲಿಂದ ಅದನ್ನು ನೋಡಿರಲಿಲ್ಲ. ಚೀಟಿಯ ಕಿಟಕಿ ಎತ್ತರದಲ್ಲಿತ್ತು. ಬಗ್ಗಿದ ಮುದುಕಿಯರ ತಲೆ ಒಳಗಿನವನಿಗೆ ಕಾಣುವಂತಿರಲಿಲ್ಲ. ಗೋಡೆಯ ತುಂಬ ಬೋರ್ಡುಗಳಿದ್ದವು, ಎಲ್ಲವೂ ಓದುಬಲ್ಲವರಿಗೆ. ಸರದಿ ಬಂದಾಗ ಒಳಗಿನವನು ತಲೆಯೆತ್ತದೆ, ‘ಏನಾಗಿದೆ?’ ಎಂದ. ‘ಶುಗರ್, ಕಾಲಿನ ಗಾಯ’ ಎಂದುಬಿಟ್ಟ ಸಿದ್ದಲಿಂಗೇಶ. ಬೋರಕ್ಕ ನಿಧಾನವಾಗಿ ಅವನ ಕಡೆ ತಿರುಗಿ ನೋಡಿದಳು. ಕೋಪವೇನೂ ಇರಲಿಲ್ಲ ಆ ನೋಟದಲ್ಲಿ. ಕೈಯಿಂದ ಏನನ್ನೋ ಕಿತ್ತುಕೊಂಡವನನ್ನು ನೋಡುವ ಹಾಗಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವಳು ತುದಿಗಾಲಲ್ಲಿ ನಿಲ್ಲಲಾರದೆ ಕಿಟಕಿಯ ಸರಳು ಹಿಡಿದು, ತನ್ನ ಹೆಸರು, ವಯಸ್ಸು, ಊರು, ಕಾಲು ನೋಯಲು ಶುರುವಾದ ದಿನ, ಎಲ್ಲವನ್ನೂ ತಾನೇ ಹೇಳಿದಳು. ಹಿಂದಿನವರು ಗೊಣಗಿದರು. ಅವಳು ಹೇಳಿ ಮುಗಿಸಿದಳು. ಕಿಟಕಿಯವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

ಬೆಂಚಿನ ಮೇಲೆ ಕೂತಾಗ ಅವನಿಗೆ ವನಜಾಕ್ಷಿ ಕಂಡಳು. ಆ ಹೆಸರನ್ನು ಹೇಳಿದವಳು ಬೋರಕ್ಕ: ಇನ್ನೊಂದು ಹಟ್ಟಿಯ ಸೊಸೆ, ನಾಗಕ್ಕನ ಗುಂಪನ್ನು ನೋಡಿ ಅವರೂ ಹೀಗೆ ಶುರುಮಾಡಿದ್ದಾರೆ. ವನಜಾಕ್ಷಿ ತನ್ನ ಜೊತೆ ಬಂದ ಬಸುರಿಯನ್ನು ನೆರಳಲ್ಲಿ ಕೂರಿಸಿ, ರಕ್ತಪರೀಕ್ಷೆಯ ಕೋಣೆಗೆ ಹೋಗಿಬಂದಳು. ದಾರಿಯಲ್ಲಿ ಯಾರೋ ಮುದುಕ ಚೀಟಿ ಹಿಡಿದು ಗೋಡೆಯ ಕಡೆ ನೋಡುತ್ತಿದ್ದವನನ್ನು ಕಂಡು ನಿಂತಳು. ‘ಎಲ್ಲಿಗೆ ತಾತಾ?’ ಎಂದು ಕೇಳಿ ಅವನನ್ನು ಎಕ್ಸ್‌ರೇ ಕಡೆಗೆ ಬಿಟ್ಟುಬಂದಳು. ಬರುವಾಗ ಅಳುತ್ತಿದ್ದ ಮುಸ್ಲಿಂ ಹೆಂಗಸೊಬ್ಬಳ ಪಕ್ಕ ಎರಡು ನಿಮಿಷ ಕೂತಳು. ಏನು ಮಾತಾಡಿದಳೋ ಕೇಳಿಸಲಿಲ್ಲ, ಎದ್ದಾಗ ಆ ಹೆಂಗಸು ಕಣ್ಣೊರೆಸಿಕೊಂಡು ಸಾಲಿನಲ್ಲಿ ನಿಂತಳು. ಯಾರೂ ಅವಳಿಗೆ ಹೇಳಿರಲಿಲ್ಲ, ಯಾರೂ ಅವಳನ್ನು ನೋಡುತ್ತಿರಲಿಲ್ಲ. ಅವಳ ಹಟ್ಟಿಗೆ ಟ್ರಸ್ಟಿನ ಒಂದು ಪೈಸೆಯೂ ಹೋಗಿರಲಿಲ್ಲ. ಸಿದ್ದಲಿಂಗೇಶ ನೋಡುತ್ತಲೇ ಕೂತ. ಮಳೆ ಬಂದ ಮಾರನೆಯ ದಿನ ಬರಿಯ ಕಲ್ಲುನೆಲದಲ್ಲಿ ಹಸಿರು ಎಲ್ಲಿಂದ ಎದ್ದಿತೆಂದು ತಿಳಿಯದೆ ನಿಂತುಬಿಡುವ ಹಾಗೆ. ಹಾಗೆ ನೋಡುತ್ತ ನೋಡುತ್ತ ಎದುರಿನ ಗೋಡೆಯ ಬೆಂಚಿನ ಮೇಲೆ ಅವನಿಗೆ ತನ್ನ ಅವ್ವ ಕೂತಿರುವಂತೆ ಕಂಡಿತು.

ಅವ್ವ ಹಸಿರು ಸೀರೆ ಉಟ್ಟು ಬೆಳಿಗ್ಗೆಯೇ ಇದೇ ಆಸ್ಪತ್ರೆಗೆ ಹೊರಟಿದ್ದಳು. ಎದೆಯಲ್ಲಿ ಉರಿ ಎನ್ನುತ್ತಿದ್ದಳು. ‘ನೀನೂ ಬರ್ತೀಯೇನೋ?’ ಎಂದು ಕೇಳಿದ್ದಳು. ಅವನಿಗೆ ಆವತ್ತು ಯಾವುದೋ ಹಳ್ಳಿಯ ಕನ್ನಡಕಗಳ ತಪಾಸಣೆ ಇತ್ತು. ‘ಹೋಗಿ ಬಾ ಅವ್ವ, ಅಲ್ಲಿ ಕೇಳಿದ್ರೆ ಹೇಳ್ತಾರೆ’ ಎಂದಿದ್ದ. ಸಂಜೆ ಬಂದು, ‘ಡಾಕ್ಟ್ರು ಇರ್ಲಿಲ್ಲ’ ಎಂದಳು. ಹದಿನೈದು ದಿನಕ್ಕೆ ತೀರಿಕೊಂಡಳು. ತಿಥಿಯೆಲ್ಲ ಮುಗಿದ ಮೇಲೆ, ಆಸ್ಪತ್ರೆಯೆದುರಿನ ಔಷಧಿ ಅಂಗಡಿಯವನು, ‘ನಿಮ್ಮವ್ವ ಆವತ್ತು ಬಂದಿದ್ರು. ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತಿದ್ರು. ಯಾಕೆ ಕೂತಿದೀರಿ ಅಂದ್ರೆ ನಕ್ಕು ಸುಮ್ಮನಾದ್ರು. ಡಾಕ್ಟ್ರು ಒಳಗೇ ಇದ್ರಲ್ಲ’ ಎಂದಿದ್ದ. ಅಂದರೆ ಅವ್ವ ಕೇಳಲಿಲ್ಲ. ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಮಗನಿಗೆ ಹೇಳಲು ನಾಚಿಕೆಯಾಗಿ ಡಾಕ್ಟರೇ ಇರಲಿಲ್ಲವೆಂದಳು. ಹನ್ನೊಂದು ವರ್ಷದಿಂದ ಅವನು ಇದನ್ನು ಯಾರಿಗೂ, ರೇಣುಕಮ್ಮನಿಗೂ, ಹೇಳಿರಲಿಲ್ಲ. ವನಜಾಕ್ಷಿ ಮತ್ತೆ ಅವನ ಮುಂದೆ ಹಾದುಹೋದಳು. ಇಂಥ ಒಬ್ಬಳು ಆವತ್ತು ‘ಎಲ್ಲಿಗೆ ಅಜ್ಜಿ?’ ಎಂದು ಕೇಳಿದ್ದರೆ ಸಾಕಿತ್ತು. ಎರಡೇ ಮಾತು.

‘ನಮ್ ಹೊನ್ನಕ್ಕಂಗೂ ಈ ಜಾಗ ಕಂಡ್ರೆ ಭಯ ಇತ್ತು’ ಎಂದಳು ಬೋರಕ್ಕ ಇದ್ದಕ್ಕಿದ್ದ ಹಾಗೆ, ರೊಟ್ಟಿ ಮುರಿದು ಅರ್ಧ ಅವನ ಕೈಗಿಡುತ್ತ. ‘ನನ್ ತಂಗಿ. ಬೀಪಿ. ಹಿಂದೆ ಮಾತ್ರೆ ಹಟ್ಟಿಗೇ ಬರ್ತಿತ್ತು. ಪಟ್ಟೀಲಿ ಹೆಸರಿದ್ದೋರಿಗೆ ಮಾತ್ರ. ಅವಳ ರೇಷನ್ ಕಾರ್ಡು ಗಂಡನೂರಲ್ಲಿತ್ತು, ಗಂಡ ಬಿಟ್ಟಿದ್ದ, ನನ್ ಮನೇಲಿದ್ಲು. ಅವಳ ಹೆಸರು ಎಲ್ಲಿಂದ ಬರ್ಬೇಕು? ನಂಗೂ ಬೀಪಿ, ನಂಗೆ ಬರ್ತಿದ್ದನ್ನ ಹಂಚ್ಕಂಡ್ವಿ. ಒಂದಿನ ನಾನು, ಒಂದಿನ ಅವ್ಳು. ಹಟ್ಟೀಲಿ ಹಂಗೆ ಹಂಚ್ಕಂಡೋರು ಹತ್ತು ಮನೆಯೋರು. ಆಮ್ಯಾಕೆ ಒಬ್ರು ಬಂದು ಖಾಲಿ ಮಾತ್ರೆ ಹಾಳೆನೆಲ್ಲ ತರ್ಸಿ ಎಣಿಸಿದ್ರು. ಸುಳ್ಳು ಹೇಳ್ಬೇಕು ಅಂತ ನಮಗೆ ಗೊತ್ತಾಗ್ಲಿಲ್ಲ. ಹಿಂಗಿಂಗೆ ಅಂತ ಹೇಳಿದ್ವಿ. ಅವ್ರು ಬರ್ಕಂಡು ಹೋದ್ರು. ಮಾತ್ರೆ ನಿಂತೋತು. ಆ ಬೇಸಿಗೇಲೇ ಹೊನ್ನಕ್ಕಂಗೆ ಲಕ್ವ ಹೊಡೀತು.’ ಅವಳು ಸ್ವಲ್ಪ ನೀರು ಕುಡಿದಳು. ‘ನಾಕು ವರ್ಷ ಮಲಗಿದ್ಲು. ಮಾತು ಹೋಗಿತ್ತು. ಕಣ್ಣಲ್ಲೇ ನಗ್ತಿದ್ಲು, ನೋಡು.’

ರೊಟ್ಟಿ ಅವನ ಬಾಯಲ್ಲಿ ಹಾಗೇ ಉಳಿಯಿತು. ಗುಂಡಗಿನ ಅಕ್ಷರಗಳು ಒಂದೊಂದಾಗಿ ಕಣ್ಣೆದುರು ಬಂದವು. ‘ಔಷಧಿಯನ್ನು ಪಟ್ಟಿಯಲ್ಲಿಲ್ಲದವರಿಗೆ ಹಂಚಿ ದುರುಪಯೋಗಪಡಿಸಿಕೊಂಡಿರುವುದು ಸಾಬೀತಾಗಿದೆ. ಫಲಾನುಭವಿಗಳು ನಂಬಿಕೆಗೆ ಅರ್ಹರಲ್ಲ. ಮುಂದುವರಿಸಲು ಶಿಫಾರಸು ಮಾಡಲಾಗುವುದಿಲ್ಲ.’ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದ್ದರು ಅವನನ್ನು, ಮಜ್ಜಿಗೆ ಕೊಟ್ಟಿದ್ದರು. ಎಣಿಸುವಾಗ ಒಬ್ಬಳು ಹೆಂಗಸು ಖಾಲಿ ಮಾತ್ರೆ ಹಾಳೆಗಳನ್ನು ಅವನ ಕಡೆಗೆ ಸರಿಸಿಕೊಡುತ್ತ, ಸಹಾಯ ಮಾಡುತ್ತ ಕೂತಿದ್ದಳು. ಅವಳ ಮುಖ ನೆನಪಾಗಲಿಲ್ಲ. ಅವನು ಆವತ್ತು ಯಾರ ಮುಖವನ್ನೂ ನೋಡಿರಲಿಲ್ಲ. ಒಬ್ಬರ ಮಾತ್ರೆಯನ್ನು ಇಬ್ಬರು ಹಂಚಿಕೊಂಡು ಬದುಕಲು ನೋಡುವುದಕ್ಕೆ ಏನು ಹೆಸರೆಂದು ಯಾರಾದರೂ ಆವತ್ತು ಕೇಳಿದ್ದರೆ, ಅವನು ಅದೇ ಗುಂಡಗಿನ ಅಕ್ಷರದಲ್ಲಿ ದುರುಪಯೋಗವೆಂದೇ ಬರೆಯುತ್ತಿದ್ದ. ಎದ್ದು ಹೊರಗೆ ಹೋಗಿ ಬಸ್ಸು ಹತ್ತಿಬಿಡೋಣ ಎನ್ನಿಸಿತು. ಅವನ ಮೊಣಕಾಲಿನ ಮೇಲೆ ಬೋರಕ್ಕನ ಚೀಲವಿತ್ತು.

ಅಷ್ಟರಲ್ಲಿ ಹೆಸರು ಕೂಗಿದರು. ಡಾಕ್ಟರು ಮೂವತ್ತರ ಹುಡುಗಿ. ನೆಲದ ಮೇಲೆ ಮೊಣಕಾಲೂರಿ ಕೂತು ಬಟ್ಟೆ ಬಿಚ್ಚಿ ನೋಡಿದಳು. ವಾಸನೆಗೆ ಸಿದ್ದಲಿಂಗೇಶ ಮುಖ ತಿರುಗಿಸಿದ. ಅವಳು ತಿರುಗಿಸಲಿಲ್ಲ. ‘ಅಜ್ಜಿ, ಈ ಎರಡನೇ ಬೆರಳು ಉಳಿಯಲ್ಲ. ಇವತ್ತೇ ತೆಗೆದ್ರೆ ಪಾದ ಉಳಿಸಬಹುದು. ಇನ್ನೊಂದು ವಾರ ಬಿಟ್ರೆ ನನ್ನ ಕೈಲಿಲ್ಲ. ಆ ಬೆರಳೊಂದಕ್ಕೇ ಮರಗಟ್ಟೋ ಇಂಜೆಕ್ಷನ್ ಕೊಡ್ತೀನಿ, ಸಂಜೆಗೆ ಹೋಗಬಹುದು’ ಎಂದಳು. ಬೋರಕ್ಕ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ‘ಕಾಲುಂಗ್ರ ಇಟ್ಟಿದ್ದ ಬೆರಳು ಕಣಮ್ಮಾ’ ಎಂದಳು. ‘ಗಂಡ ಹೋದ, ಉಂಗ್ರ ಹೋತು. ಈಗ ಬೆರಳೂ ಹೋಗ್ತೈತೆ. ತೆಗಿ.’ ಅವಳ ಹೆಬ್ಬೆಟ್ಟು ಹಾಕಿಸಿಕೊಂಡು ಡಾಕ್ಟರು, ‘ಮನೆಯವರು ಯಾರು?’ ಎಂದಳು.

‘ಇವ್ನೇ’ ಎಂದಳು ಬೋರಕ್ಕ.

ನರ್ಸು ಹಾಳೆಯನ್ನು ಅವನ ಮುಂದಿಟ್ಟಳು. ಎಷ್ಟೋ ಸಾವಿರ ಹಾಳೆ ತುಂಬಿದ ಕೈ ಅದು. ರೋಗಿಯ ಹೆಸರು ಬರೆದಾಗಿತ್ತು. ಜೊತೆಯಲ್ಲಿರುವವರ ಹೆಸರು ಎಂಬಲ್ಲಿ ಸಿದ್ದಲಿಂಗೇಶ ಎಂದು ಬರೆದ. ಅದರ ಕೆಳಗೆ, ರೋಗಿಗೂ ತಮಗೂ ಇರುವ ಸಂಬಂಧ. ಅಲ್ಲಿ ಪೆನ್ನು ನಿಂತಿತು. ನರ್ಸು ಕಾದಳು. ಹೊರಗೆ ಯಾರೋ ಮಗುವನ್ನು ಸಮಾಧಾನ ಮಾಡುತ್ತಿದ್ದರು. ಸಂಬಂಧ? ಎಂಟು ವರ್ಷದಿಂದ ಇವಳಿಗೂ ತನಗೂ ಒಂದು ಸಂಬಂಧವಿದ್ದೇ ಇತ್ತು, ಇವಳ ತಂಗಿಗೂ ತನಗೂ ಇತ್ತು. ಅದನ್ನು ಬರೆಯಲು ಈ ಗೀಟಿನಷ್ಟು ಜಾಗ ಸಾಲದು. ಬರೆಯದೆ ಸಹಿ ಹಾಕಿದರೆ ಅದು ಸುಳ್ಳು ಸಹಿ. ಇಪ್ಪತ್ತೆರಡು ವರ್ಷ ಬೇರೆಯವರ ಸುಳ್ಳು ಸಹಿ ಹಿಡಿದುಕೊಟ್ಟವನು ಅವನು. ಅವನು ಪೆನ್ನು ಕೆಳಗಿಟ್ಟು, ಬಗ್ಗಿ, ಅವಳೊಬ್ಬಳಿಗೇ ಕೇಳುವಂತೆ, ‘ಬೋರಕ್ಕಾ, ಆವತ್ತು ಮಾತ್ರೆ ಹಾಳೆ ಎಣಿಸಿದೋನು ನಾನೇ’ ಎಂದ. ‘ಬರೆದೋನೂ ನಾನೇ. ನಾನು ಈ ಸಹಿ ಹಾಕಬಾರ್ದು.’

ಬೋರಕ್ಕ ಹಾಸಿಗೆಯ ಮೇಲಿನಿಂದ ಅವನನ್ನು ನೋಡಿದಳು. ಬಸ್ಸಿನಲ್ಲಿ ನೋಡಿದ ಹಾಗೆಯೇ.

‘ಗೊತ್ತಿಲ್ದೆ ನಿನ್ ಜೊತೆ ಬಂದ್ನೇನು?’ ಎಂದಳು. ‘ನಿನ್ಗೆ ಹಾಳೆ ಜೋಡ್ಸಿ ಕೊಟ್ಟೋಳು ನಾನೇ. ಬೆಳಿಗ್ಗೆ ನೀನು ಆಟೋ ಇಳಿದಾಗ್ಲೇ ನಾಗಕ್ಕಂಗೆ ಹೇಳ್ದೆ, ಅವ್ನೇ ಇವ್ನು ಅಂತ. ಇವ್ನ ಜೊತೆ ಕಳಿಸ್ಲಾ ಅಂದ್ಲು. ಕಳ್ಸು ಅಂದೆ.’ ಹಾಳೆಯ ಕಡೆ ಕೈ ತೋರಿಸಿ, ‘ಜೊತೆಗೆ ಬಂದೋರು ಅಂತ ಬರಿ. ಡಾಕ್ಟ್ರಮ್ಮ ಕಾಯ್ತಾ ಅವ್ಳೆ’ ಎಂದಳು.

ಅವನು ಬರೆದ. ಅಕ್ಷರ ಗುಂಡಗೆ ಬರಲಿಲ್ಲ, ಒಂದು ಕಡೆ ಶಾಯಿ ಹರಡಿತು. ನರ್ಸು ತೆಗೆದುಕೊಂಡು ಹೋದಳು.

ಒಳಗೆ ಅವನನ್ನು ತಲೆಯ ಕಡೆ ನಿಲ್ಲಿಸಿದರು. ಬೋರಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. ಹಗುರವಾದ, ಒರಟಾದ ಕೈ, ಕುರಿಮರಿಯ ಕಾಲಿನಷ್ಟು ತೆಳು. ಡಾಕ್ಟರು ಕೆಲಸ ಶುರುಮಾಡಿದಾಗ ಅವನ ಕಣ್ಣು ಕತ್ತಲಿಟ್ಟಿತು. ಗೋಡೆಗೆ ಒರಗಬೇಕೆನ್ನಿಸಿದರೂ ಕೈ ಬಿಡಿಸಿಕೊಳ್ಳಲಾಗಲಿಲ್ಲ. ‘ಏಂ ಕಾದ್ಲೇ ನಾಯ್ನಾ’ ಎಂದಳು ಬೋರಕ್ಕ ಮೆಲ್ಲಗೆ, ಏನೂ ಆಗಲ್ಲ ಬಿಡಪ್ಪಾ ಎಂದು ಮಗನಿಗೆ ಹೇಳುವ ಹಾಗೆ. ತನ್ನ ಬೆರಳನ್ನು ತೆಗೆಯುತ್ತಿರುವಾಗ ಅವಳು ಅವನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅರ್ಥವಾದಾಗ ಆ ಕೋಣೆ, ಅದರ ಟ್ಯೂಬ್‌ಲೈಟು, ತಗಡಿನ ತಟ್ಟೆಯ ಸದ್ದು, ಬಗ್ಗಿದ ಆ ಹುಡುಗಿಯ ಬೆವೆತ ಹಣೆ ಎಲ್ಲವೂ ಏನೋ ದೊಡ್ಡದರೊಳಗೆ ಇರುವಂತೆ ಅನ್ನಿಸಿ, ಗುಡಿಯ ಒಳಗೆ ಮೊದಲ ಸಲ ಹೋದ ಮಗುವಿನ ಹಾಗೆ ಅವನು ಉಸಿರು ಹಿಡಿದು ನಿಂತ. ಇಷ್ಟು ದಿನ ತಾನು ಕೊಡುವ ಕಡೆಯವನೆಂದುಕೊಂಡಿದ್ದ. ತನ್ನ ತಂಗಿಯ ಮಾತ್ರೆ ನಿಲ್ಲಿಸಿದವನು ಯಾರೆಂದು ತಿಳಿದೂ ಈ ಹೆಂಗಸು ಅವನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತಿದ್ದಳು, ತನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟಿದ್ದಳು, ಈಗ ಕಾಲನ್ನೇ ಒಪ್ಪಿಸಿ ಮಲಗಿದ್ದಳು. ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇಷ್ಟನ್ನು ಕೊಡಬಲ್ಲವರು ಯಾರಿದ್ದಾರೆ? ಯಜಮಾನರೂ ಕೊಟ್ಟಿರಲಿಲ್ಲ.

‘ಆಯ್ತು ಅಜ್ಜಿ’ ಎಂದಳು ಡಾಕ್ಟರು, ನೆಟ್ಟಗೆ ನಿಂತು. ‘ಪಾದ ಚೆನ್ನಾಗಿದೆ. ರಕ್ತ ಬರ್ತಿದೆ, ಅದೇ ಒಳ್ಳೇದು. ಸೋಮವಾರ ಡ್ರೆಸ್ಸಿಂಗಿಗೆ ಬನ್ನಿ. ತಪ್ಪಿಸಬೇಡಿ.’

ನಾಗಕ್ಕ ಹೇಳಿದ್ದರಿಂದ ಗಂಗರಾಜು ಆಟೋವನ್ನು ಆಸ್ಪತ್ರೆಯ ತನಕವೇ ತಂದಿದ್ದ. ಸಿದ್ದಲಿಂಗೇಶ ಬೋರಕ್ಕನನ್ನು ಎತ್ತಿ ಕೂರಿಸಿದ. ದಾರಿಯುದ್ದಕ್ಕೂ ಕಟ್ಟು ಹಾಕಿದ ಅವಳ ಕಾಲು ಅವನ ತೊಡೆಯ ಮೇಲಿತ್ತು. ಹೊಂಡ ಬಂದಲ್ಲೆಲ್ಲ ಅವನು ಎರಡೂ ಕೈಯಲ್ಲಿ ಅದನ್ನು ಮೇಲೆತ್ತಿ ಹಿಡಿಯುತ್ತಿದ್ದ. ಅವಳು ಸ್ವಲ್ಪ ಹೊತ್ತು ಕುರಿಗಳ ವಿಷಯ ಮಾತಾಡಿ ನಿದ್ದೆಹೋದಳು. ಹೊನ್ನಕ್ಕನ ವಿಷಯ ಮತ್ತೆ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಅವಳು ಹಾಗೆ ಹೇಳದಿದ್ದುದೇ ಸರಿಯೆನ್ನಿಸಿತು ಅವನಿಗೆ. ಹೊನ್ನಕ್ಕನ ನಾಲ್ಕು ವರ್ಷ ಇನ್ನು ಅವನ ಹತ್ತಿರ ಇರಬೇಕಾದದ್ದು, ಅದನ್ನು ಯಾರೂ ಇಳಿಸಿಕೊಳ್ಳುವಂತಿಲ್ಲ. ತಳಕು ದಾಟುವಾಗ ಸಂಜೆಯ ಬಿಸಿಲು ಹುಲ್ಲಿನ ಮೇಲೆ ಬಿದ್ದು, ಒಣನೆಲವೆಲ್ಲ ಕಣ್ಣು ಕೋರೈಸುವಷ್ಟು ಹೊಳೆಯುತ್ತಿತ್ತು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದ. ಹೀಗೆ ಹೊಳೆಯುತ್ತದೆಂದು ತಿಳಿದಿರಲಿಲ್ಲ.

ಹಟ್ಟಿಯಲ್ಲಿ ಹೆಂಗಸರು ಬಂದು ಬೋರಕ್ಕನನ್ನು ಕೈಗೆ ಕೈ ಕೊಟ್ಟು ಒಳಗೊಯ್ದರು. ರೂಪ ಮೊಳಕಾಲ್ಮುರಿನಿಂದ ಫೋನು ಮಾಡಿದ್ದಳಂತೆ: ಹೆಣ್ಣುಮಗು, ತಾಯಿ ಮಗು ಚೆನ್ನಾಗಿದ್ದಾರೆ. ಮುದ್ದಪ್ಪಜ್ಜ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದ. ಒಂದೇ ದಿನದಲ್ಲಿ ಮೂರು ಕಡೆ ಹೋದವರು, ಮೂರು ಕಡೆಯಲ್ಲೂ ಸುಮ್ಮನೆ ವಾಪಸ್ಸಾಗದೆ ಕೆಲಸ ಮುಗಿಸಿಕೊಂಡಿದ್ದರು. ಸಿದ್ದಲಿಂಗೇಶ ಅಂಗಳದಲ್ಲಿ ನಿಂತು, ಏನೇನಾಯಿತೆಂದು ಹೇಳಲು ಮಾತು ಜೋಡಿಸಿಕೊಳ್ಳುತ್ತಿದ್ದ. ಎಷ್ಟು ಗಂಟೆಗೆ ಚೀಟಿ, ಎಷ್ಟು ಗಂಟೆಗೆ ಡಾಕ್ಟರು. ನಾಗಕ್ಕ ಬಂದು ಕೇಳಿದ್ದು ಒಂದೇ.

‘ಅತ್ಲಾ?’

‘ಇಲ್ಲ.’

‘ನೀವು?’

ಅವನು ಮುಖ ತಗ್ಗಿಸಿ ಚೀಲವನ್ನು ಮುಂದೆ ಚಾಚಿದ. ‘ಸರಿ ಬಿಡ್ರಿ’ ಎಂದಳು ಅವಳು, ಆಗಬೇಕಾದ್ದು ಆಗಿದೆ ಎಂಬಂತೆ. ಅವನ ಕೈಯಿಂದ ಚೀಲ ತೆಗೆದುಕೊಂಡಳು. ಒಳಗಿದ್ದ ಚೀಟಿಗಳನ್ನು ತೆರೆದೂ ನೋಡಲಿಲ್ಲ. ‘ನಿಮ್ಮ ಇವತ್ತಿನ ಕೂಲಿ’ ಎಂದು ಶುರುಮಾಡಿದವಳು ಅವನ ಮುಖ ನೋಡಿ ನಕ್ಕು ಅಲ್ಲಿಗೇ ಬಿಟ್ಟಳು. ಆಮೇಲೆ, ‘ಸೋಮವಾರ ಡ್ರೆಸ್ಸಿಂಗು ಅಂತೆ. ಬರ್ತೀರಾ?’ ಎಂದಳು.

ಸೋಮವಾರ ಹತ್ತು ಗಂಟೆಗೆ ಟ್ರಸ್ಟಿನ ಸಭೆಯಿತ್ತು. ಶಶಿರೇಖಾ ಏನು ಕಂಡಿರಿ ಎಂದು ಕೇಳುವವಳಲ್ಲ, ಆದರೂ ಎಲ್ಲರೂ ಅವನ ಮುಖ ನೋಡುತ್ತಾರೆ. ಏನು ಹೇಳುವುದು? ಸಭೆಗೆ ಬರಲಾಗದು, ಬೋರಕ್ಕನ ಜೊತೆ ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿಬಿಟ್ಟರೆ ಅದೇ ಸಾಕಲ್ಲ ಎನ್ನಿಸಿತು.

‘ಬರ್ತೀನಿ’ ಎಂದ.

ನಾಗಕ್ಕ ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ. ಇನ್ನೊಮ್ಮೆ ಕೇಳಿ ಗಟ್ಟಿಮಾಡಿಕೊಳ್ಳಲೂ ಇಲ್ಲ. ಬಾಗಿಲ ಕಡೆ ತಿರುಗಿ, ‘ಬೋರಕ್ಕಾ, ಸೋಮವಾರ ಇವ್ರೇ ಬರ್ತಾರಂತೆ ಕಣೇ’ ಎಂದು ಕೂಗಿ ಹೇಳಿ, ಬೆರಣಿಯ ಬುಟ್ಟಿ ಎತ್ತಿಕೊಂಡು ತನ್ನ ಕೆಲಸಕ್ಕೆ ಹೋದಳು. ಒಳಗಿನಿಂದ ಬೋರಕ್ಕ ಏನೋ ಅಂದಳು, ಹೆಂಗಸರು ನಕ್ಕರು. ಸಿದ್ದಲಿಂಗೇಶ ಅಂಗಳದ ನಡುವೆ ಹಾಗೇ ನಿಂತಿದ್ದ. ಬೇಲಿಯಾಚೆಯಿಂದ ಕುರಿಗಳು ಧೂಳೆಬ್ಬಿಸುತ್ತ ಬಂದವು, ಬಂದು ಅವನ ಎರಡೂ ಬದಿಯಿಂದ ಹಾದು ಒಳಗೆ ಹೋದವು. ಅವನನ್ನು ಕಂಡು ಒಂದೂ ಬೆದರಲಿಲ್ಲ.